ಗಣಿಯ ಊರಿನಲ್ಲಿ ಹುಡುಗಿಯರ ತರಗತಿ

ಮೈಸೂರಿನಲ್ಲಿ ಮಹಾರಾಣಿ ಹೆಣ್ಣುಮಕ್ಕಳ ಶಾಲೆ ಆರಂಭವಾದದ್ದು 1881ರಲ್ಲಿ. ಅದಕ್ಕೆ ಒಂದು ವರ್ಷ ಮೊದಲು, 1880ರಲ್ಲಿ, ಜಾನ್ ಟೇಲರ್ ಕಂಪನಿ ಕೋಲಾರದ ಚಿನ್ನದ ನೆಲಕ್ಕೆ ಕಾಲಿಟ್ಟಿತ್ತು. ಹೆಣ್ಣುಮಕ್ಕಳಿಗೆ ಬೇರೆ ತರಗತಿ ಬೇಕೇ ಎಂಬ ಚರ್ಚೆ ಬಂದಾಗಲೆಲ್ಲ ನನಗೆ ಈ ಎರಡು ಇಸವಿಗಳು ಒಟ್ಟಿಗೇ ನೆನಪಾಗುತ್ತವೆ. ಮೈಸೂರಿನಲ್ಲಿ ಬೇರೆ ಶಾಲೆಯೆಂದರೆ ಮೇಲುಜಾತಿಯ ಮನೆಗಳ ಸಂಕೋಚಕ್ಕೆ ಕೊಟ್ಟ ಉತ್ತರ. ಗಂಡುಹುಡುಗರಿಲ್ಲ ಎಂಬ ಭರವಸೆ ಸಿಕ್ಕ ಮೇಲೆ ಮಗಳು ಹೊಸ್ತಿಲು ದಾಟಿದಳು.

ಕೆ.ಜಿ.ಎಫ್.ನ ಕತೆ ಬೇರೆ. ಅಲ್ಲಿ ಮಗನಿಗೆ ದಾರಿ ಮೊದಲೇ ಸಿದ್ಧವಿತ್ತು: ಅಪ್ಪ ಇಳಿದ ಗಣಿಗೆ ಅವನೂ ಇಳಿಯುವುದು. ಮಗಳಿಗೆ ಆ ದಾರಿಯಿಲ್ಲ; 1952ರ ಗಣಿ ಕಾಯ್ದೆ ಹೆಂಗಸರ ನೆಲದಡಿಯ ಕೆಲಸವನ್ನು ನಿಷೇಧಿಸಿತು. ಸಂಬಳ ಬೇಕೆಂದ ಹುಡುಗಿ ಟೀಚರೋ ನರ್ಸೋ ಟೈಪಿಸ್ಟೋ ಆಗಬೇಕು, ಅದಕ್ಕೆ ಓದಲೇಬೇಕು. ಓದು ಅವಳಿಗೆ ಅಲಂಕಾರವಾಗಿರಲಿಲ್ಲ.

ಬಂಗಾರಪೇಟೆಯಲ್ಲಿ (ಚೀಫ್ ಕಮಿಷನರ್ ಬೌರಿಂಗ್ ಹೆಸರಿನ ಬೌರಿಂಗ್‌ಪೇಟೆಯೇ ಇದು, ಬಂಗಾರಕ್ಕೂ ಹೆಸರಿಗೂ ಮೂಲದಲ್ಲಿ ನಂಟಿಲ್ಲ) ನಾನು ಓದಿದ್ದು ಇಬ್ಬರೂ ಇದ್ದ ತರಗತಿಯಲ್ಲಿ. ಬಾಗಿಲ ಕಡೆಯ ಬೆಂಚುಗಳು ಹುಡುಗಿಯರವು, ಕಿಟಕಿಯ ಕಡೆಯವು ನಮ್ಮವು, ನಡುವೆ ಮೇಷ್ಟ್ರ ಓಡಾಟ. ನಮ್ಮ ಪ್ರಶ್ನೆಗಳು ತರಗತಿಯಲ್ಲೇ ಗಟ್ಟಿಯಾಗಿ ಬರುತ್ತಿದ್ದವು. ಹುಡುಗಿಯರು ಬೆಲ್ ಹೊಡೆದ ಮೇಲೆ ವರಾಂಡದಲ್ಲಿ ಕೇಳುತ್ತಿದ್ದರು. ಕೋಣೆ ಒಂದೇ, ಶಾಲೆ ಎರಡು.

ಹೊರದೇಶಗಳ ಅಧ್ಯಯನಗಳು ಒಂದೇ ದಿಕ್ಕಿಗೆ ಬೆರಳು ತೋರಿಸುವುದಿಲ್ಲ. ಇಸ್ರೇಲಿನಲ್ಲಿ ವಿಕ್ಟರ್ ಲೇವಿ ಮತ್ತು ಅನಾಲಿಯಾ ಶ್ಲೋಸರ್ ಕಂಡದ್ದು: ತರಗತಿಯಲ್ಲಿ ಹುಡುಗಿಯರ ಪಾಲು ಹೆಚ್ಚಿದರೆ ಹುಡುಗರ ಅಂಕಗಳೂ ಏರುತ್ತವೆ, ಏಕೆಂದರೆ ಗಲಾಟೆ ತಗ್ಗುತ್ತದೆ, ಟೀಚರ್ ಅಷ್ಟು ದಣಿಯುವುದಿಲ್ಲ. ನಮಗೆ ಹೆಚ್ಚು ಹತ್ತಿರದ ಉದಾಹರಣೆ ಟ್ರಿನಿಡಾಡ್. ಅಲ್ಲಿ 2010ರಲ್ಲಿ ಹಿಂದುಳಿದ 20 ಸಹಶಿಕ್ಷಣ ಪ್ರೌಢಶಾಲೆಗಳಲ್ಲಿ ಹೊಸದಾಗಿ ಸೇರುವವರನ್ನು ಹುಡುಗರ ಶಾಲೆ, ಹುಡುಗಿಯರ ಶಾಲೆ ಎಂದು ಬೇರ್ಪಡಿಸಿದರು. ಕಿರಾಬೋ ಜಾಕ್ಸನ್ ಲೆಕ್ಕ ಹಾಕಿದಾಗ ಇಬ್ಬರ ಅಂಕಗಳೂ ಏರಿದ್ದವು. ಇವೆರಡೂ ನಿಜವಿರಬಹುದು, ಬೆಂಚಿನ ಲೆಕ್ಕಕ್ಕಿಂತ ಕೋಣೆಯಲ್ಲಿ ಯಾರ ದನಿ ಯಾರನ್ನು ಮುಚ್ಚುತ್ತದೆ ಎಂಬುದು ನನಗೆ ದೊಡ್ಡದಾಗಿ ಕಾಣುತ್ತದೆ.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಮಗನ ದಾರಿಯೂ ಮುಚ್ಚಿತು. ಆಗ ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಹೊಸ ಹಂಚಿಕೆ ನಡೆಯಿತು: ಅವನಿಗೆ ಫೀಸು ಕಟ್ಟುವ ಇಂಗ್ಲಿಷ್ ಮೀಡಿಯಂ, ಅವಳಿಗೆ ಸರ್ಕಾರಿ ಶಾಲೆ. ಯಾವ ಆದೇಶವೂ ಇಲ್ಲದೆ ಸರ್ಕಾರಿ ತರಗತಿಯಲ್ಲಿ ಹುಡುಗಿಯರೇ ಹೆಚ್ಚಾದರೆ, ಆ ಬದಲಾವಣೆ ಶುರುವಾದದ್ದು ಅಡುಗೆಮನೆಯ ಖರ್ಚಿನ ಲೆಕ್ಕದಲ್ಲಿ. ಬೆಳಗಿನ ಬೆಂಗಳೂರು ರೈಲಿಗೆ ಈಗ ಅಣ್ಣ, ತಂಗಿ ಇಬ್ಬರೂ ಹತ್ತುತ್ತಾರೆ. ಸಾಲ ತೀರಿಸುತ್ತಿರುವುದು ಅಣ್ಣನ ಫೀಸಿನದು.