ಘಟ್ಟ ಹತ್ತಿದ ಹಂಚು, ಘಟ್ಟ ಇಳಿದ ತಗಡು

ಬೆಂಗಳೂರು ದಂಡಿನ ಕಡೆ ಹಳೆಯ ಬಂಗಲೆಯೊಂದನ್ನು ಕೆಡವುವಾಗ ಮೊದಲು ಇಳಿಯುವುದು ಹೆಂಚು. ಇಬ್ಬರು ಸೂರಿನ ಮೇಲೆ ಕೂತಿರುತ್ತಾರೆ, ಒಬ್ಬ ಏಣಿಯ ಮೇಲೆ, ಇನ್ನೊಬ್ಬ ಕೆಳಗೆ. ಕೈಯಿಂದ ಕೈಗೆ ದಾಟಿ ಬಂದ ಹೆಂಚು ಕಾಂಪೌಂಡಿನ ಮೂಲೆಯಲ್ಲಿ ಸಾಲಾಗಿ ನಿಲ್ಲುತ್ತದೆ. ಗೋಡೆಯ ಇಟ್ಟಿಗೆ ಪುಡಿಯಾದರೆ ಯಾರಿಗೂ ಚಿಂತೆಯಿಲ್ಲ. ಹೆಂಚು ಒಡೆದರೆ ಮಾತ್ರ ಬೈಗುಳ ಕೇಳಿಸುತ್ತದೆ. ನೂರು ವರ್ಷದ ಹೆಂಚಿಗೂ ಇವತ್ತು ಗಿರಾಕಿ ಇದ್ದಾರೆ.

ಆ ಸಾಲಿನಿಂದ ಒಂದನ್ನು ಎತ್ತಿ ತಿರುಗಿಸಿ ನೋಡಬೇಕು. ಉದ್ದ ಒಂದು ಮೊಳಕ್ಕೆ ತುಸು ಕಡಿಮೆ, ತೂಕ ಎರಡೂವರೆಯಿಂದ ಮೂರು ಕಿಲೋ. ಮೇಲ್ಮೈ ಮಳೆಗೆ, ಪಾಚಿಗೆ ಕಪ್ಪಾಗಿದ್ದರೂ ಒಳಮೈ ನಿನ್ನೆ ಭಟ್ಟಿಯಿಂದ ತೆಗೆದಂತೆ ಕೆಂಪು. ರೀಪಿಗೆ ಸಿಕ್ಕಿಕೊಳ್ಳಲು ಹಿಂದೆ ಎರಡು ಮೂಗು, ಪಕ್ಕದ ಹೆಂಚನ್ನು ಹಿಡಿದುಕೊಳ್ಳಲು ಅಂಚಿನಲ್ಲಿ ಕಾಲುವೆ. ನಡುವೆ ಉಬ್ಬಕ್ಷರದಲ್ಲಿ ಕಾರ್ಖಾನೆಯ ಹೆಸರು, ಅದರ ಕೆಳಗೆ ಊರು: ಮಂಗಳೂರು. ಕೆಲವದರಲ್ಲಿ ಕಾರ್ಖಾನೆ ಹುಟ್ಟಿದ ಇಸವಿಯೂ ಇರುತ್ತದೆ. ಬೆಂಗಳೂರಿನ ನಾಲಿಗೆಯಲ್ಲಿ ಅದು ಹೆಂಚು, ಹುಟ್ಟಿದ ಊರಿನಲ್ಲಿ ಹಂಚು.

ದಂಡು ಪ್ರದೇಶ ಶುರುವಾದ ಕಾಲಕ್ಕೆ ಇಲ್ಲಿ ಈ ಹೆಂಚು ಇರಲಿಲ್ಲ. ಶ್ರೀರಂಗಪಟ್ಟಣದ ಜ್ವರಕ್ಕೆ ಬೇಸತ್ತ ಬ್ರಿಟಿಷರು ಹಲಸೂರಿನ ಪಕ್ಕದ ಎತ್ತರದ ಬಯಲಿಗೆ ತಮ್ಮ ಪಡೆಯನ್ನು ತಂದಿಳಿಸಿದ್ದು 1809ರಲ್ಲಿ. ಆಗಿನ ಸೂರು ಹುಲ್ಲಿನದು, ಇಲ್ಲವೇ ಕುಂಬಾರರು ಚಕ್ರದ ಮೇಲೆ ಮಾಡಿ ಸೀಳಿದ ನಾಡಹೆಂಚಿನದು. ಹುಲ್ಲಿಗೆ ಬೆಂಕಿಯ ಭಯ. ನಾಡಹೆಂಚನ್ನು ವರ್ಷಕ್ಕೊಮ್ಮೆ ಕೈಯಾಡಿಸಿ ಮತ್ತೆ ಜೋಡಿಸದಿದ್ದರೆ ಮನೆಯೆಲ್ಲ ಸೋರುತ್ತದೆ. ಹಣವಿದ್ದವರು ಮದ್ರಾಸ್ ತಾರಸಿ ಹಾಕಿಸಿದರು: ತೇಗದ ಜಂತಿಗಳ ಮೇಲೆ ತೆಳು ಇಟ್ಟಿಗೆಯನ್ನು ಓರೆಯಾಗಿ, ಅಂಚಿನ ಮೇಲೆ ನಿಲ್ಲಿಸಿ ಸುಣ್ಣದ ಗಾರೆಯಲ್ಲಿ ಕೂರಿಸಿ, ಮೇಲೆ ಗಾರೆಯನ್ನು ದಿನಗಟ್ಟಲೆ ಬಡಿದು ಗಟ್ಟಿ ಮಾಡುವ ಕೆಲಸ. ಅದಕ್ಕೆ ಬೇಕಾದ ಆಳು, ಸಮಯ ಎಲ್ಲರ ಕೈಗೆಟುಕುವಂಥದ್ದಲ್ಲ.

ಉತ್ತರ ಬಂದದ್ದು ಕಡಲ ಕಡೆಯಿಂದ. ಫ್ರಾನ್ಸಿನ ಆಲ್ಸೇಸ್‌ನಲ್ಲಿ ಜಿಲಾರ್ದೋನಿ ಸಹೋದರರು ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುವ ಹೆಂಚಿಗೆ 1841ರಲ್ಲಿ ಪೇಟೆಂಟ್ ಪಡೆದಿದ್ದರು. ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಆ ವಿದ್ಯೆಯನ್ನು ನೇತ್ರಾವತಿಯ ಜೇಡಿಗೆ ಹೊಂದಿಸಿ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ತೆರೆದ. ಮೂರೇ ವರ್ಷಕ್ಕೆ, 1868ರಲ್ಲಿ, ಮಂಗಳೂರಿನವರೇ ಆದ ಆಲ್ಬುಕರ್ಕ್ ಮನೆತನದ ಕಾರ್ಖಾನೆ ಶುರುವಾಯಿತು. ಮಿಷನ್ 1873ರಲ್ಲಿ ಕಲ್ಲಿಕೋಟೆಗೆ, 1886ರಲ್ಲಿ ಮಲ್ಪೆಗೆ ಕೈ ಚಾಚಿತು. ಹಂಚು ಹಡಗೇರಿ ಏಡನ್‌ಗೆ, ಪೂರ್ವ ಆಫ್ರಿಕಕ್ಕೆ ಹೋಯಿತು. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ, ಅದೂ ಮಲಬಾರಿನ ಕಡೆಯಿಂದ. ದಂಡಿನ ನಿಲ್ದಾಣವನ್ನು ಮದ್ರಾಸಿನ ರೈಲು 1864ರಲ್ಲೇ ಮುಟ್ಟಿತ್ತು. ಹಾಗಾಗಿ ಘಟ್ಟದ ಗಾಡಿದಾರಿ ಬಿಟ್ಟರೆ ಮಂಗಳೂರಿನ ಹಂಚಿಗೆ ಬೆಂಗಳೂರು ತಲುಪಲು ಇದ್ದ ದಾರಿ ಪಾಲಕ್ಕಾಡು, ಜೋಲಾರಪೇಟೆ ಸುತ್ತಿದ ರೈಲಿನದು. ಹಾಸನದ ಮೂಲಕ ನೇರ ಹಳಿ ಬಿದ್ದದ್ದು 1979ರಷ್ಟು ಈಚೆಗೆ.

ಸೈನ್ಯದ ಕೆಲಸಕ್ಕೆ 1896ರಲ್ಲಿ ಇಲ್ಲಿಗೆ ಬಂದ ಇಪ್ಪತ್ತೊಂದರ ಹರೆಯದ ವಿನ್‌ಸ್ಟನ್ ಚರ್ಚಿಲ್ ಗೆಳೆಯರ ಜೊತೆ ಬಂಗಲೆಯೊಂದನ್ನು ಹಿಡಿದಿದ್ದ. ಎಷ್ಟೋ ವರ್ಷಗಳ ಮೇಲೆ ಆತ್ಮಕಥೆ ಬರೆಯುವಾಗಲೂ ಆ ಮನೆಯ ಭಾರವಾದ ಹೆಂಚಿನ ಸೂರು, ಆಳವಾದ ಜಗಲಿ ಅವನ ನೆನಪಿನಲ್ಲಿದ್ದವು. ಪೂರ್ವಕ್ಕೆ, ಕೃಷ್ಣರಾಜಪುರದ ಆಚೆ, ಆಂಗ್ಲೋ ಇಂಡಿಯನ್ನರಿಗಾಗಿ 1882ರಲ್ಲಿ ನೆಲೆ ಕಂಡ ವೈಟ್‌ಫೀಲ್ಡ್‌ನ ಹಳೆಯ ಮನೆಗಳ ಮೇಲೂ ಇದೇ ಕೆಂಪು ಹೆಂಚು. ಕಿಟಕಿಗಳ ನೆತ್ತಿಗೆ ಮರದ ಜಾಲರಿ ಇಳಿಬಿಟ್ಟ 'ಮಂಕಿ ಟಾಪ್' ಇರುವ ಬಂಗಲೆಗಳನ್ನು ಈ ಹೆಂಚಿಲ್ಲದೆ ಕಲ್ಪಿಸಿಕೊಳ್ಳುವುದು ಕಷ್ಟ.

ತಗಡಿನ ಕತೆ ಬೇರೆ ದಾರಿಯದು. ಲಂಡನ್ನಿನ ಹಡಗುಕಟ್ಟೆಯ ಎಂಜಿನಿಯರ್ ಹೆನ್ರಿ ರಾಬಿನ್ಸನ್ ಪಾಮರ್ 1829ರಲ್ಲಿ ಕಬ್ಬಿಣದ ಹಾಳೆಗೆ ಅಲೆಯಾಕಾರ ಕೊಟ್ಟ. ಬಾಗುವ ಹಾಳೆ ಬಾಗದ ಸೂರಾಯಿತು. ಆದರೆ ತುಕ್ಕಿಗೆ ಮದ್ದಿರಲಿಲ್ಲ. 1837ರಲ್ಲಿ ಫ್ರಾನ್ಸಿನ ಸ್ಟಾನಿಸ್ಲಾಸ್ ಸೊರೆಲ್ ಕಬ್ಬಿಣವನ್ನು ಕರಗಿದ ಸತುವಿನಲ್ಲಿ ಅದ್ದುವ ವಿಧಾನಕ್ಕೆ ಪೇಟೆಂಟ್ ತೆಗೆದುಕೊಂಡ. ಈ ಎರಡು ಕೂಡಿದ ಮೇಲೆ ತಗಡು ಲೋಕ ಸುತ್ತಿತು. ಒಂದು ಗಾಡಿಯಲ್ಲಿ ಒಂದು ಮನೆಯ ಸೂರು ಸಾಗುತ್ತದೆ, ದಪ್ಪ ತೊಲೆ ಬೇಡ, ಎರಡು ದಿನದಲ್ಲಿ ನೆರಳು. ಕನ್ನಡದಲ್ಲಿ ಅದಕ್ಕೆ ನಿಂತ ಹೆಸರು 'ಜಿಂಕ್ ಶೀಟು'. ಒಳಗಿರುವುದು ಕಬ್ಬಿಣವಾದರೂ ಹೆಸರು ಹೋದದ್ದು ಮೇಲಿನ ಸತುವಿಗೆ. ಜನ ಇಟ್ಟ ಈ ಹೆಸರಿನಲ್ಲಿ ದೊಡ್ಡ ತಿಳಿವಳಿಕೆಯಿದೆ, ಏಕೆಂದರೆ ಆ ಸೂರಿನ ಆಯುಸ್ಸೆಲ್ಲ ಇರುವುದು ಆ ತೆಳು ಲೇಪದಲ್ಲೇ.

ಬೆಂಗಳೂರಿನಲ್ಲಿ ಅವಸರದ ಸೂರು ಬೇಕಾದ ಕಾಲವೂ ಬಂತು. 1898ರ ಆಗಸ್ಟ್‌ನಲ್ಲಿ ಪ್ಲೇಗ್ ನಗರಕ್ಕೆ ಕಾಲಿಟ್ಟಿತು. ಜನ ಮನೆ ತೊರೆದು ಬಯಲಿನಲ್ಲಿ 'ಶೆಡ್ಡು' ಹಾಕಿಕೊಂಡು ಬದುಕಿದರು: ಬಿದಿರ ತಟ್ಟಿ, ಗರಿ, ಅನುಕೂಲವಿದ್ದವರಿಗೆ ತಗಡು. ಪ್ಲೇಗಿಗೂ ಇಲಿಗೂ ಇರುವ ನಂಟು ಖಚಿತವಾಗುತ್ತ ಹೋದಂತೆ ಇಲಿ ಗೂಡು ಕಟ್ಟುವ ಹುಲ್ಲು, ನಾಡಹೆಂಚಿನ ಮೇಲೆ ಅನುಮಾನ ಬಲವಾಯಿತು. ಶಿವಾಜಿನಗರದ, ಅಂದರೆ ಆಗಿನ ಬ್ಲ್ಯಾಕ್‌ಪಲ್ಲಿಯ, ಕಿಕ್ಕಿರಿದ ಓಣಿಗಳಿಂದ ಜನರನ್ನು ಹೊರತಂದು ನೆಲೆಗೊಳಿಸಲು ಫ್ರೇಜರ್ ಟೌನ್ ರೂಪುಗೊಂಡಿತು. ಜೆ.ಎಚ್. ಸ್ಟೀಫನ್ಸ್ ಎಂಬವರು ಪ್ಲೇಗು ನುಸುಳದ ಊರನ್ನು ಕಟ್ಟುವ ಬಗ್ಗೆ ಈ ಅನುಭವದಿಂದಲೇ 1914ರಲ್ಲಿ ಒಂದು ಪುಸ್ತಕ ಬರೆದರು.

ಆ ಮೇಲೆ ತಗಡು ಮನೆಗಿಂತ ಹೆಚ್ಚಾಗಿ ದುಡಿಮೆಯ ಸೂರಾಗಿ ಪೂರ್ವಕ್ಕೆ ಹರಡಿತು. 1940ರಲ್ಲಿ ವಿಮಾನ ಕಾರ್ಖಾನೆ, 1948ರಲ್ಲಿ ಕೃಷ್ಣರಾಜಪುರದ ಬಳಿ ದೂರವಾಣಿನಗರದ ಐಟಿಐ, ಅನಂತರ ಬೈಯಪ್ಪನಹಳ್ಳಿಯ ಎನ್‌ಜಿಇಎಫ್. ಸೈರನ್ ಕೂಗಿದೊಡನೆ ಸಾವಿರಾರು ಜನ ತಗಡು ಅಥವಾ ಕಲ್ನಾರು ಶೀಟಿನ ಶೆಡ್ಡಿನೊಳಗೆ ಹೋಗಿ, ಸಂಜೆ ಹೆಂಚಿನ ಇಲ್ಲವೇ ಆರ್‌ಸಿಸಿ ಮನೆಗೆ ಮರಳುತ್ತಿದ್ದರು. ಕಲ್ನಾರಿನ ಸಿಮೆಂಟ್ ಶೀಟು ಈ ದೇಶದಲ್ಲಿ ಶುರುವಾದದ್ದು 1934ರಲ್ಲಿ. ಮುಂದೆ ಅದು ಬಡವರ ಸೂರಾಯಿತು. ಹಲಸೂರಿನ ಗಲ್ಲಿಗಳಲ್ಲಿ ಬಾಡಿಗೆ ಮಾತಾಡುವಾಗ ಇಂದಿಗೂ ಮೊದಲ ಪ್ರಶ್ನೆ "ಶೀಟ್ ಮನೇನಾ, ಆರ್‌ಸಿಸಿನಾ?" ಎಂಬುದೇ. ಬಾಡಿಗೆ ಎಷ್ಟು, ಬೇಸಿಗೆಯಲ್ಲಿ ನಿದ್ದೆ ಎಷ್ಟು ಎರಡೂ ಆ ಒಂದು ಉತ್ತರದಲ್ಲಿವೆ.

ತಗಡಿಗೆ ಮಾನ ಬಂದದ್ದು ತೀರ ಈಚೆಗೆ. 2011ರ ಅಕ್ಟೋಬರ್ 20ರಂದು ಎಂ.ಜಿ. ರಸ್ತೆಯಿಂದ ಬೈಯಪ್ಪನಹಳ್ಳಿಗೆ ಮೆಟ್ರೊ ಓಡಿದಾಗ ಹಲಸೂರು, ಇಂದಿರಾನಗರದ ನಿಲ್ದಾಣಗಳ ಮೇಲಿದ್ದದ್ದು ಲೋಹದ ಮಾಡು. 2022ರ ಜೂನ್‌ನಲ್ಲಿ ಬೈಯಪ್ಪನಹಳ್ಳಿಯಲ್ಲಿ ತೆರೆದ ವಿಶ್ವೇಶ್ವರಯ್ಯ ಟರ್ಮಿನಲ್ಲಿನದೂ ಅದೇ. ಇಂದಿರಾನಗರದ ತಾರಸಿಗಳ ಮೇಲೆ ನೀಲಿ, ಬೂದು, ಇಟ್ಟಿಗೆ ಬಣ್ಣದ ಶೀಟುಗಳು ಎದ್ದವು. ಕೆಳಗೆ ಕೆಲವೆಡೆ ಬಟ್ಟೆ ಒಣಗುತ್ತದೆ, ಕೆಲವೆಡೆ ಹೋಟೆಲು ನಡೆಯುತ್ತದೆ. ಇವು ಹಳೆಯ ಜಿಂಕ್ ಶೀಟಲ್ಲ. ಅಮೆರಿಕದ ಬೆತ್ಲೆಹೆಮ್ ಸ್ಟೀಲ್ 1972ರಲ್ಲಿ ಮಾರುಕಟ್ಟೆಗೆ ತಂದ ಲೇಪದಲ್ಲಿ ನೂರಕ್ಕೆ 55 ಪಾಲು ಅಲ್ಯೂಮಿನಿಯಂ, 43.4 ಪಾಲು ಸತು, 1.6 ಪಾಲು ಸಿಲಿಕಾನ್. ಅದರ ಮೇಲೆ ಭಟ್ಟಿಯಲ್ಲಿ ಕೂರಿಸಿದ ಬಣ್ಣ.

ಕರಾವಳಿಯಿಂದ ಬಂದು ಈ ಭಾಗದಲ್ಲಿ ನೆಲೆಸಿದ ಕುಟುಂಬಗಳು ಬಹಳ. ಊರಿನ ಹಂಚಿನ ಮನೆಯ ಪಕ್ಕಾಸಿಗೆ ಗೆದ್ದಲು ಹಿಡಿದಾಗ, ಹಂಚು ಕೈಯಾಡಿಸುವ ಆಳು ಸಿಗದಿದ್ದಾಗ, ಅವರ ಕಣ್ಣು ಸಹಜವಾಗಿ ಬೆಂಗಳೂರಿನಲ್ಲಿ ದಿನವೂ ನೋಡುವ ಶೀಟಿನ ಮೇಲೆ ಬೀಳುತ್ತದೆ. "ಇಲ್ಲಿ ಹದಿನೈದು ವರ್ಷವಾದರೂ ಏನೂ ಆಗಿಲ್ಲ, ಅಲ್ಲಿಗೂ ಇದೇ ಹಾಕಿಸೋಣ." ತಪ್ಪುವುದು ಇಲ್ಲೇ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲೆ, ಪಶ್ಚಿಮ ಕಡಲಿನಿಂದ ಸುಮಾರು 300 ಕಿಲೋಮೀಟರ್ ದೂರ. ಇಲ್ಲಿನ ವರ್ಷದ ಮಳೆ ಸಾವಿರ ಮಿಲಿಮೀಟರಿನ ಆಸುಪಾಸು; ಮಂಗಳೂರಿನದು ಅದರ ಮೂರು ಪಟ್ಟಿಗೂ ಮೀರಿದ್ದು.

ಮಳೆಗಿಂತ ದೊಡ್ಡ ಶತ್ರು ಉಪ್ಪು. ಸಾಮಾನ್ಯ ಗಾಳಿಯಲ್ಲಿ ಸತುವಿನ ಮೇಲೆ ಕಾರ್ಬೊನೇಟಿನ ಬೂದು ಪೊರೆ ಕಟ್ಟುತ್ತದೆ, ಅದೇ ಅದಕ್ಕೆ ಕವಚ. ಕಡಲ ಗಾಳಿಯ ಕ್ಲೋರೈಡ್ ಸತುವನ್ನು ನೀರಿನಲ್ಲಿ ಕರಗುವ ಲವಣ ಮಾಡಿಬಿಡುತ್ತದೆ. ಮಳೆ ಅದನ್ನು ತೊಳೆದು ಒಯ್ಯುತ್ತದೆ, ಹೊಸ ಸತು ಗಾಳಿಗೆ ಬೀಳುತ್ತದೆ, ಮತ್ತೆ ಅದೇ. ಲೋಹವನ್ನು ಗಾಳಿ ಎಷ್ಟು ತಿನ್ನುತ್ತದೆಂದು ಅಳೆಯುವ ಐಎಸ್‌ಒ 9223 ಮಾನದಂಡದಲ್ಲಿ ನಗರದ ಮಧ್ಯಮ ಗಾಳಿಯ ಸಿ3 ವರ್ಗಕ್ಕೆ ಸತುವಿನ ಸವೆತ ವರ್ಷಕ್ಕೆ 0.7ರಿಂದ 2.1 ಮೈಕ್ರಾನ್. ಕಡಲ ಬದಿಯ ಕಟು ಗಾಳಿಯ ಸಿ5 ವರ್ಗಕ್ಕೆ 4.2ರಿಂದ 8.4. ಚದರ ಮೀಟರಿಗೆ 275 ಗ್ರಾಂ ಸತು ಲೇಪಿಸಿದ ಒಳ್ಳೆಯ ಶೀಟಿನಲ್ಲೂ ಒಂದೊಂದು ಬದಿಗೆ ಸಿಗುವುದು ಸುಮಾರು 20 ಮೈಕ್ರಾನ್. ಲೆಕ್ಕ ಹಾಕಿದರೆ ಸಿ3 ಗಾಳಿಯಲ್ಲಿ ಆ ಲೇಪ ಒಂಬತ್ತು ವರ್ಷದಿಂದ ಇಪ್ಪತ್ತೆಂಟರವರೆಗೆ ಬಾಳುತ್ತದೆ, ಸಿ5ರಲ್ಲಿ ಎರಡೂವರೆಯಿಂದ ಐದು ವರ್ಷ. ಅಗ್ಗದ 120 ಗ್ರಾಂ ಶೀಟಾದರೆ ಎರಡು ಮಳೆಗಾಲ ದಾಟುವುದೇ ಹೆಚ್ಚು.

ಹೀಗಾಗಿ ಅಂಗಡಿಯಲ್ಲಿ ಬಣ್ಣಕ್ಕಿಂತ, ಗೇಜಿಗಿಂತ ಮೊದಲು ಕೇಳಬೇಕಾದದ್ದು ಲೇಪ ಯಾವುದು, ಎಷ್ಟು ಗ್ರಾಂ ಎಂಬುದು. ಅಲೆಯ ತುಂತುರು ತಾಕುವಷ್ಟು ಹತ್ತಿರದ ಮನೆಗೆ ಕಬ್ಬಿಣದ ಶೀಟಿನ ಯೋಚನೆಯನ್ನೇ ಬಿಟ್ಟು ಅಲ್ಯೂಮಿನಿಯಂ ಹಾಕಿಸುವುದು ಸರಿ. ತುಸು ಒಳಗಿನ ಮನೆಗೆ ಅಲ್ಯೂಮಿನಿಯಂ-ಸತುವಿನ ದಪ್ಪ ಲೇಪ, ಅದರ ಮೇಲೆ ಪಿವಿಡಿಎಫ್ ಬಣ್ಣ ಇರುವ ಶೀಟು ಆಗಬಹುದು. ಕಡಲಿನಿಂದ ಇಂತಿಷ್ಟು ದೂರವಿದ್ದರೆ ಮಾತ್ರ ಎಂಬ ಷರತ್ತು ಗ್ಯಾರಂಟಿ ಕಾಗದದಲ್ಲಿ ಸಾಮಾನ್ಯವಾಗಿ ಇರುತ್ತದೆ. ಅದನ್ನು ಓದದೆ ಮುಂಗಡ ಕೊಡಬಾರದು.

ತುಕ್ಕು ಎಲ್ಲಿ ಹುಟ್ಟುತ್ತದೆ ಎಂಬುದನ್ನು ಏಣಿ ಹತ್ತಿಯೇ ನೋಡಬೇಕು. ಶೀಟಿನ ನಡುಭಾಗ ಹೊಳೆಯುತ್ತಿರುವಾಗಲೇ ಸ್ಕ್ರೂವಿನ ತಲೆಯ ಸುತ್ತ ಕಂದು ಉಂಗುರವೊಂದು ಕಾಣುತ್ತದೆ. ಅಳತೆಗೆಂದು ಕತ್ತರಿಸಿದ ಅಂಚಿನಲ್ಲಿ ಬಣ್ಣ ಸಿಪ್ಪೆಯೆದ್ದಿರುತ್ತದೆ. ಹೆಚ್ಚಿನವರು ನೋಡದೆ ಬಿಡುವ ಜಾಗ ಮಾತ್ರ ಸೂರಿನ ತುದಿಯ ಅಡಿಭಾಗ. ಮೇಲೆ ಕೂತ ಉಪ್ಪನ್ನು ಮಳೆ ತೊಳೆಯುತ್ತದೆ. ಅಡಿಗೆ ಗಾಳಿ ತಂದು ಅಂಟಿಸಿದ ಉಪ್ಪನ್ನು ತೊಳೆಯುವವರಿಲ್ಲ. ಅದು ತೇವ ಹೀರಿಕೊಂಡು ವರ್ಷಪೂರ್ತಿ ಅಲ್ಲೇ ಕೂತು ಲೋಹ ತಿನ್ನುತ್ತದೆ. ಕಡಲ ಬದಿಯ ಮನೆಯವರು ತಿಂಗಳಿಗೊಮ್ಮೆ ಪೈಪು ಹಿಡಿದು ಆ ಅಡಿಭಾಗಕ್ಕೆ ಸಿಹಿನೀರು ಬಿಟ್ಟರೆ ಶೀಟಿನ ಆಯುಸ್ಸು ಹೆಚ್ಚುತ್ತದೆ. ಸ್ಕ್ರೂವನ್ನು ಶೀಟಿಗೆ ಹೊಂದುವ ಲೋಹದಲ್ಲೇ ಆರಿಸಬೇಕು, ವಾಷರ್ ಒಳ್ಳೆಯ ರಬ್ಬರಿನದಾಗಿರಬೇಕು. ಇಡೀ ಸೂರಿನ ಖರ್ಚಿನಲ್ಲಿ ಇವೆರಡರ ಪಾಲು ಅಲ್ಪ. ಕೈಬಿಗಿ ಮಾಡಿ ಇಲ್ಲಿ ಉಳಿಸಿದ ಹಣವೇ ಮುಂದೆ ಸೂರನ್ನು ತೂತು ಮಾಡುವುದು.

ಜೇಡಿಗೆ ಈ ಯಾವ ತಾಪತ್ರಯವೂ ಇರಲಿಲ್ಲ. ಭಟ್ಟಿಯಲ್ಲಿ ಬೆಂದ ಮಣ್ಣಿಗೆ ತುಕ್ಕು ಹಿಡಿಯುವುದಿಲ್ಲ. ಹೆಂಚು ಹೆಂಚಿನ ನಡುವಿನ ಸಂದಿಯಲ್ಲಿ ಗಾಳಿಯಾಡುತ್ತದೆ, ಒಡೆದರೆ ಒಂದನ್ನೇ ಬದಲಿಸಿದರೆ ಸಾಕು. ಕರಾವಳಿ ತನ್ನ ಗಾಳಿಗೆ ತಕ್ಕ ಸೂರನ್ನು ತಾನೇ ಕಂಡುಕೊಂಡು ಲೋಕಕ್ಕೂ ಕಳಿಸಿತ್ತು. ಇವತ್ತು ಮರದ ಬೆಲೆ, ಜೇಡಿಯ ಕೊರತೆ, ಆಳಿನ ಅಭಾವ ಒಟ್ಟಾಗಿ ಹಂಚಿನ ಕಾರ್ಖಾನೆಗಳ ಚಿಮಣಿಗಳನ್ನು ಒಂದೊಂದಾಗಿ ಆರಿಸಿವೆ. ಶೀಟು ಹಾಕಿಸುವವರನ್ನು ದೂರಿ ಫಲವಿಲ್ಲ. ಗಟ್ಟಿಮುಟ್ಟಾದ ಹಂಚಿನ ಮನೆ ಇನ್ನೂ ನಿಂತಿರುವವರು ಪಕ್ಕಾಸು ಕೊಳೆತಿದ್ದರೆ ಅದರ ಜಾಗಕ್ಕೆ ಕಬ್ಬಿಣದ ಪೈಪು ಕೊಟ್ಟು, ಅದಕ್ಕೆ ಒಳ್ಳೆಯ ಬಣ್ಣ ಬಳಿಸಿ, ಅದೇ ಹಂಚನ್ನು ಮತ್ತೆ ಕೂರಿಸಬಹುದು ಎಂಬುದನ್ನಾದರೂ ಯೋಚಿಸಬೇಕು.

ದಂಡಿನ ಬಂಗಲೆಗಳಿಂದ ಇಳಿದ ಹೆಂಚು ಈಗ ಇಂದಿರಾನಗರದ ಕಾಫಿ ಅಂಗಡಿಗಳಲ್ಲಿ ಕಾಂಕ್ರೀಟಿನ ಮೇಲೆ ಅಲಂಕಾರಕ್ಕೆ ಕೂರುತ್ತಿದೆ. ಕರಾವಳಿಯಲ್ಲಿ ಹೆಚ್ಚು ಬಿಕರಿಯಾಗುವ ಶೀಟುಗಳಲ್ಲಿ ಒಂದು, ಮಂಗಳೂರು ಹಂಚಿನ ಆಕಾರಕ್ಕೇ ಒತ್ತಿ ಇಟ್ಟಿಗೆ ಕೆಂಪು ಬಳಿದದ್ದು. ದೂರದಿಂದ ವ್ಯತ್ಯಾಸ ತಿಳಿಯುವುದಿಲ್ಲ. 1886ರಲ್ಲಿ ಹಂಚಿನ ಕಾರ್ಖಾನೆ ಎದ್ದ ಮಲ್ಪೆಯಲ್ಲೂ ಅಂಥ ಸೂರಿನ ಮೇಲೆ ಜೂನ್ ತಿಂಗಳ ಮೊದಲ ಮಳೆ ಬಿದ್ದಾಗ ಮಾತ್ರ, ಒಳಗೆ ಕೂತವರು ಒಬ್ಬರ ಮಾತು ಒಬ್ಬರಿಗೆ ಕೇಳಿಸಲು ದನಿ ಏರಿಸಬೇಕಾಗುತ್ತದೆ.