ದೂರದ ಯಂತ್ರದೊಳಗಿನ ಶಾನುಭೋಗ

ಕಣ್ಣೆದುರಿಗಿರುವ ಯಂತ್ರ ಕೆಟ್ಟರೆ ಅದರ ಸದ್ದೇ ನಮಗೆ ಸುಳಿವು ಕೊಡುತ್ತದೆ. ಹಿಟ್ಟಿನ ಗಿರಣಿಯ ಪಟ್ಟಿ ಸಡಿಲವಾದರೆ ಗಿರಣಿಯವನು ಕಿವಿಯಿಂದಲೇ ಅರಿಯುತ್ತಾನೆ. ಆದರೆ ಯಂತ್ರವು ನೂರಾರು ಮೈಲಿಗಳಾಚೆ ಇದ್ದರೆ ಅದರ ಕ್ಷೇಮಸಮಾಚಾರವನ್ನು ತಿಳಿಯುವ ಬಗೆ ಹೇಗೆ? ನೀವು ಬ್ಯಾಂಕಿನಿಂದ ಹಣ ತೆಗೆಯುವಾಗ, ರೈಲಿಗೆ ಟಿಕೆಟು ಕಾದಿರಿಸುವಾಗ, ಎಲ್ಲೋ ಒಂದೆಡೆ ಸರ್ವರ್ ಎಂಬ ಗಣಕಯಂತ್ರ ನಿಮಗಾಗಿ ದುಡಿಯುತ್ತಿರುತ್ತದೆ. ಅದರ ಬಳಿ ಹಗಲಿರುಳೂ ಕುಳಿತು ಕಾಯುವ ಮನುಷ್ಯನಿಲ್ಲ. ಅದರೊಳಗೇ ಇರಿಸಿದ ಒಂದು ಸಣ್ಣ ಪ್ರೋಗ್ರಾಂ ಆ ಕಾವಲನ್ನು ನಡೆಸುತ್ತದೆ. ಅದಕ್ಕೆ ಏಜೆಂಟ್ ಎಂದು ಹೆಸರು. ಅದು ಬೆಳೆದು ಬಂದ ಬಗೆಯನ್ನು ಇಲ್ಲಿ ಸಂಕ್ಷೇಪವಾಗಿ ನೋಡೋಣ.

1969ರಲ್ಲಿ ಅಮೆರಿಕದಲ್ಲಿ ಆರ್ಪಾನೆಟ್ ಎಂಬ ಗಣಕಜಾಲ ಪ್ರಾರಂಭವಾಯಿತು. ಸುದ್ದಿಯನ್ನು ಊರಿನಿಂದೂರಿಗೆ ದಾಟಿಸುವ ಅದರ ಯಂತ್ರಗಳನ್ನು ಒದಗಿಸಿದ್ದು ಮ್ಯಾಸಚೂಸೆಟ್ಸಿನ ಕೇಂಬ್ರಿಜ್ ನಗರದ ಬಿ.ಬಿ.ಎನ್. ಸಂಸ್ಥೆ. 1972ರ ಹೊತ್ತಿಗೆ ಪ್ರತಿಯೊಂದು ಯಂತ್ರವೂ ತನ್ನ ತಂತಿಗಳು ಸರಿಯಾಗಿವೆಯೆ, ಎಷ್ಟು ಸುದ್ದಿ ಸಾಗಿತು ಎಂಬ ವರದಿಯನ್ನು ನಿಮಿಷಕ್ಕೊಮ್ಮೆ ಆ ಸಂಸ್ಥೆಯ ನಿಯಂತ್ರಣ ಕೇಂದ್ರಕ್ಕೆ ಕಳುಹಿಸುತ್ತಿತ್ತು. ವರದಿ ಬಾರದೆ ಹೋದರೆ ಆ ಮೌನವೇ ಒಂದು ವರದಿ.

ಎಲ್ಲ ಯಂತ್ರಗಳೂ ಒಂದೇ ಮನೆಯವಾದ್ದರಿಂದ ಇದು ಸಾಧ್ಯವಾಯಿತು. 1980ರ ದಶಕದಲ್ಲಿ ಬೇರೆ ಬೇರೆ ತಯಾರಕರ ಯಂತ್ರಗಳು ಜಾಲಕ್ಕೆ ಬಂದು ಸೇರಿದವು. ಒಂದರ ಮಾತು ಮತ್ತೊಂದಕ್ಕೆ ತಿಳಿಯದು. 1983ರ ಡಿಸೆಂಬರಿನಲ್ಲಿ ಮೈಕ್ ಮೂಸ್ ಎಂಬಾತ “ಪಿಂಗ್” ಎಂಬ ಪುಟ್ಟ ಪ್ರೋಗ್ರಾಂ ಬರೆದ. “ಇದ್ದೀಯಾ?” ಎಂದು ಅದು ಕೂಗುತ್ತದೆ; ಆಚೆಯ ಯಂತ್ರ ಓಗೊಡುತ್ತದೆ. ಆದರೆ ಓಗೊಟ್ಟವನು ಬದುಕಿದ್ದಾನೆಂದು ತಿಳಿಯಿತೇ ಹೊರತು, ಅವನಿಗೆ ಜ್ವರವಿದೆಯೆ, ಹಸಿವಿದೆಯೆ ಎಂಬುದು ತಿಳಿಯಲಿಲ್ಲ.

ಈ ಕೊರತೆಯನ್ನು ನೀಗಲು ಜೆಫ್ರಿ ಕೇಸ್, ಜೇಮ್ಸ್ ಡೇವಿನ್, ಮಾರ್ಕ್ ಫೆಡರ್, ಮಾರ್ಟಿನ್ ಷಾಫ್‌ಸ್ಟಾಲ್ ಎಂಬ ನಾಲ್ವರು 1987ರಲ್ಲಿ ಒಂದು ನಿಯಮಾವಳಿಯನ್ನು ಪ್ರಕಟಿಸಿದರು. ಅದೇ ಪರಿಷ್ಕಾರಗೊಂಡು 1988ರ ಆಗಸ್ಟಿನಲ್ಲಿ ಎಸ್.ಎನ್.ಎಂ.ಪಿ. ಎಂಬ ಹೆಸರಿನಿಂದ ಹೊರಬಂದಿತು. ಜಾಲದ ಮೇಲ್ವಿಚಾರಣೆಗೆ ಸರಳವಾದ ನಿಯಮ ಎಂದು ಆ ಹೆಸರಿನ ಅರ್ಥ. ಹೆಚ್ಚು ವಿಸ್ತಾರವಾದ ಮತ್ತೊಂದು ಅಂತರರಾಷ್ಟ್ರೀಯ ಪದ್ಧತಿ ಸಿದ್ಧವಾಗುವವರೆಗೆ ಇದು ತಾತ್ಕಾಲಿಕವಾಗಿರಲಿ ಎಂದು ಅಂದಿನ ಹಿರಿಯರು ತೀರ್ಮಾನಿಸಿದ್ದರು. ತಾತ್ಕಾಲಿಕವಾದದ್ದೇ ಸ್ಥಿರವಾಗಿ ನಿಂತಿತು.

ಇದರ ರೀತಿಯನ್ನು ಒಂದು ಹೋಲಿಕೆಯಿಂದ ತಿಳಿಯಬಹುದು. ಹಿಂದೆ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಶಾನುಭೋಗರಿದ್ದರಷ್ಟೆ. ಊರಿನ ಜಮೀನು, ಬೆಳೆ, ಕಂದಾಯಗಳ ಲೆಕ್ಕವೆಲ್ಲ ಅವರ ಬಳಿ. ಅಮಲ್ದಾರರು ಕೇಳಿದಾಗ ಅದನ್ನು ಒಪ್ಪಿಸಬೇಕು. ಏಜೆಂಟಿನ ಕೆಲಸವೂ ಇಂಥದೇ. ಸರ್ವರಿನಲ್ಲಿ ಎಷ್ಟು ಸ್ಥಳ ಉಳಿದಿದೆ, ಎಷ್ಟು ಹೊರೆ ಬಿದ್ದಿದೆ ಎಂಬ ಒಂದೊಂದು ಬಾಬಿಗೂ ಒಂದೊಂದು ಸಂಖ್ಯೆ ಗೊತ್ತುಮಾಡಿದೆ. ಆ ಸಂಖ್ಯೆಯನ್ನು ಹೇಳಿ ಕೇಳಿದರೆ ಏಜೆಂಟ್ ಉತ್ತರ ಕೊಡುತ್ತದೆ. ಅನಾಹುತವಾದರೆ ಕೇಳದೆಯೇ ಸುದ್ದಿ ಕಳುಹಿಸುತ್ತದೆ. ಅಪ್ಪಣೆಯಾದರೆ ಯಂತ್ರದ ಏರ್ಪಾಟನ್ನೂ ಬದಲಿಸುತ್ತದೆ. 1990ರ ಇಂಟರಾಪ್ ಪ್ರದರ್ಶನದಲ್ಲಿ ಜಾನ್ ರೋಮ್‌ಕೀ ಮತ್ತು ಸೈಮನ್ ಹ್ಯಾಕೆಟ್ ಅವರು ಇದೇ ನಿಯಮದಿಂದ ಜಾಲದ ಮೂಲಕ ಒಂದು ಟೋಸ್ಟರಿಗೆ ಅಪ್ಪಣೆಮಾಡಿ ರೊಟ್ಟಿ ಸುಟ್ಟು ತೋರಿಸಿದರು. ಜನ ನಕ್ಕರೂ ಅದರ ಅರ್ಥ ದೊಡ್ಡದು: ದೂರದಿಂದ ನೋಡಬಲ್ಲವನು ದೂರದಿಂದ ಆಳಲೂ ಬಲ್ಲ.

ಹಾಗಾದರೆ ಕೇಳುತ್ತಿರುವವರು ಅಮಲ್ದಾರರೋ ದಾರಿಹೋಕರೋ ಎಂದು ಏಜೆಂಟಿಗೆ ತಿಳಿಯುವುದು ಹೇಗೆ? ಮೊದಲ ನಿಯಮದಲ್ಲಿ ಇದಕ್ಕೆ ಇದ್ದುದು ಒಂದು ಗುರುತಿನ ಮಾತು ಮಾತ್ರ. ಓದಲು “ಪಬ್ಲಿಕ್”, ಬದಲಿಸಲು “ಪ್ರೈವೇಟ್” ಎಂಬುದು ರೂಢಿಯಾಯಿತು. ಆ ಮಾತು ತಂತಿಯ ಮೇಲೆ ಯಾವ ಮರೆಯೂ ಇಲ್ಲದೆ ಸಾಗುತ್ತಿತ್ತು. ನಡುವೆ ಕಿವಿಗೊಟ್ಟವನಿಗೆಲ್ಲ ಅದು ಲಭ್ಯ. ಎಲ್ಲರೂ ಪರಸ್ಪರ ಪರಿಚಿತರಾಗಿದ್ದ ಕಾಲಕ್ಕೆ ಇಷ್ಟು ಸಾಕಾಗಿತ್ತು. ಜಾಲವು ಜಗತ್ತನ್ನು ವ್ಯಾಪಿಸಿದ ಮೇಲೆ ಇದು ಬೀಗವಿಲ್ಲದ ಬಾಗಿಲಾಯಿತು. 2002ರ ಫೆಬ್ರವರಿಯಲ್ಲಿ ಫಿನ್ಲೆಂಡಿನ ಔಲು ವಿಶ್ವವಿದ್ಯಾಲಯದ ಸಂಶೋಧಕರ ಪರೀಕ್ಷೆಗಳಿಂದ ಇನ್ನೊಂದು ಸಂಗತಿ ಬಯಲಾಯಿತು. ವಿಕಾರವಾಗಿ ರಚಿಸಿದ ಪ್ರಶ್ನೆಗಳನ್ನು ಕಳುಹಿಸಿದರೆ ಅನೇಕ ತಯಾರಕರ ಏಜೆಂಟುಗಳು ಕುಸಿದುಬೀಳುತ್ತಿದ್ದುವು. ಕಾವಲಿಗಿಟ್ಟವನ ಮೂಲಕವೇ ಕಳ್ಳ ಒಳನುಗ್ಗಬಹುದಾಗಿತ್ತು.

ಪರಿಹಾರದ ಯತ್ನ ಅದಕ್ಕೆ ಮೊದಲೇ ನಡೆದಿತ್ತು. ನಿಯಮದ ಮೂರನೆಯ ಆವೃತ್ತಿ 1998ರಲ್ಲಿ ಪ್ರಕಟವಾಗಿ, 2002ರ ಡಿಸೆಂಬರಿನಲ್ಲಿ ಪೂರ್ಣ ಮಾನ್ಯತೆ ಪಡೆಯಿತು. ಇದರಲ್ಲಿ ಕೇಳುವವನಿಗೆ ತನ್ನದೇ ಹೆಸರುಂಟು, ಗುಪ್ತಪದವುಂಟು. ಸಾಗುವ ಮಾತನ್ನು ಬೇರೆಯವರು ಓದದಂತೆ ಗೂಢಲಿಪಿಗೆ ತಿರುಗಿಸುವ ಉಪಾಯವುಂಟು.

ಆದರೆ ನಿಯಮ ಕಾಗದದ ಮೇಲಿದ್ದ ಮಾತ್ರಕ್ಕೆ ಮನೆ ಭದ್ರವಾಗದು. ಏಜೆಂಟನ್ನು ಸ್ಥಾಪಿಸುವವರು ಕೆಲವೇ ಸಾಲುಗಳಲ್ಲಿ ಅದಕ್ಕೆ ಕಟ್ಟಳೆ ಬರೆದಿಡಬೇಕು. ಒಳಜಾಲದ ವಿಳಾಸದಲ್ಲಿ ಮಾತ್ರ ಅದು ಕಿವಿಗೊಡಲಿ. ಬೇಕಾದಷ್ಟೇ ಲೆಕ್ಕವನ್ನು ತೋರಿಸಲಿ. ಅಗತ್ಯವಿಲ್ಲದಿದ್ದರೆ ಓದುವ ಅಧಿಕಾರ ಸಾಕು, ಬದಲಿಸುವ ಅಧಿಕಾರ ಬೇಡ. ಪ್ರಶ್ನೆ ಬರುವ 161ನೆಯ ದ್ವಾರವೂ, ಎಚ್ಚರಿಕೆ ಹೋಗಿ ಸೇರುವ 162ನೆಯ ದ್ವಾರವೂ ಹೊರಗಿನವರಿಗೆ ಮುಚ್ಚಿರಲಿ. ಎಲ್ಲಕ್ಕಿಂತ ಮಿಗಿಲಾಗಿ, ಬಂದ ಎಚ್ಚರಿಕೆಯನ್ನು ಓದುವ ಮನುಷ್ಯನೊಬ್ಬನಿರಲಿ.

ನಿಮ್ಮೂರಿನ ಆಸ್ಪತ್ರೆಯಲ್ಲಿಯೋ ಶಾಲೆಯಲ್ಲಿಯೋ ಸಹಕಾರ ಸಂಘದಲ್ಲಿಯೋ ಸರ್ವರ್ ಇದ್ದರೆ, ಅದನ್ನು ನೋಡಿಕೊಳ್ಳುವವರನ್ನು ಎರಡು ಮಾತು ಕೇಳಿನೋಡಿ: ಅದರ ಏಜೆಂಟ್ ಯಾರು ಯಾರಿಗೆ ಉತ್ತರ ಕೊಡುತ್ತದೆ? “ಪಬ್ಲಿಕ್” ಎಂಬ ಹಳೆಯ ಮಾತು ಇನ್ನೂ ಅಲ್ಲಿ ನಡೆಯುತ್ತಿದೆಯೆ? ರೋಗಿಗಳ, ಮಕ್ಕಳ, ಠೇವಣಿದಾರರ ಲೆಕ್ಕ ಆ ಯಂತ್ರದಲ್ಲಿರುವುದರಿಂದ ಹಾಗೆ ಕೇಳುವ ಹಕ್ಕು ನಿಮಗೆ ಖಂಡಿತ ಉಂಟು.