ದಂಡು ಕಲಿಸಿದ ಆಟ, ಊರು ಮರೆತ ಆಟಗಾರರು

ಸ್ಕಾಟ್ಲೆಂಡಿನ ಮೊದಲ ಫುಟ್‌ಬಾಲ್ ಲೀಗ್ 1890ರ ಆಗಸ್ಟ್‌ನಲ್ಲಿ ಹನ್ನೊಂದು ತಂಡಗಳೊಂದಿಗೆ ಶುರುವಾಗಿ ಹತ್ತರೊಂದಿಗೆ ಮುಗಿಯಿತು. ಆಟಗಾರರಿಗೆ ಗುಟ್ಟಾಗಿ ಕಾಸು ಕೊಟ್ಟು ಅಮಾನತಾಗಿದ್ದ ತಂಡವೊಂದು ಹೆಸರು ಬದಲಿಸಿಕೊಂಡು ಬಂದಾಗ ಅದರೊಡನೆ ಆಡಿದ ರೆಂಟನ್ ಎಂಬ ಹಳ್ಳಿಯ ತಂಡವನ್ನು ಐದು ಪಂದ್ಯಗಳಾಗುತ್ತಲೇ ಲೀಗ್‌ನಿಂದ ಹೊರಹಾಕಲಾಯಿತು. ಕೊನೆಗೆ ಡಂಬಾರ್ಟನ್‌ಗೂ ರೇಂಜರ್ಸ್‌ಗೂ ತಲಾ 29 ಅಂಕ. ನಿರ್ಣಾಯಕ ಪಂದ್ಯವೂ 2–2ರಲ್ಲಿ ಸಮವಾದ್ದರಿಂದ ಇಬ್ಬರೂ ಪ್ರಶಸ್ತಿ ಹಂಚಿಕೊಂಡರು. ಕಾಸು ಪಡೆದು ಆಡುವುದಕ್ಕೆ ಅಲ್ಲಿ ಒಪ್ಪಿಗೆ ಸಿಕ್ಕಿದ್ದು 1893ರಲ್ಲಿ.

ಅದೇ ಕಾಲಕ್ಕೆ ಸ್ಕಾಟಿಷ್ ಪಲ್ಟನ್‌ಗಳು ಸಿಮ್ಲಾದಲ್ಲೂ ಚೆಂಡು ಒದೆಯುತ್ತಿದ್ದವು. 1888ರ ಮೊದಲ ಡುರಾಂಡ್ ಕಪ್ ಫೈನಲ್‌ನಲ್ಲಿ ರಾಯಲ್ ಸ್ಕಾಟ್ಸ್ ಫ್ಯುಸಿಲಿಯರ್ಸ್ ಹೈಲ್ಯಾಂಡ್ ಲೈಟ್ ಇನ್‌ಫೆಂಟ್ರಿಯನ್ನು 2–1ರಿಂದ ಸೋಲಿಸಿತು. 1899ರವರೆಗಿನ ಹನ್ನೆರಡು ಕಪ್‌ಗಳಲ್ಲಿ ಹನ್ನೊಂದು ಸ್ಕಾಟಿಷ್ ಪಡೆಗಳ ಪಾಲು. ಸ್ಕಾಟಿಷರ ಆಟದ ರೀತಿಯೇ ಬೇರೆಯಿತ್ತು: ಇಂಗ್ಲಿಷರು ಚೆಂಡನ್ನು ಕಾಲಲ್ಲೇ ಇಟ್ಟುಕೊಂಡು ಒಬ್ಬೊಬ್ಬರೇ ನುಗ್ಗುತ್ತಿದ್ದ ಕಾಲದಲ್ಲಿ ಗ್ಲಾಸ್ಗೋದ ಕ್ವೀನ್ಸ್ ಪಾರ್ಕ್ ತಂಡ ಪಾಸ್ ಕೊಟ್ಟು ಆಡುವುದನ್ನು ರೂಢಿಗೆ ತಂದಿತ್ತು.

ಬೆಂಗಳೂರಿಗೆ ಈ ಆಟ ಬಂದದ್ದೂ ದಂಡಿನ ಮೂಲಕವೇ. ಸಿಪಾಯಿಗಳು ಆಡಿದ ಬಯಲುಗಳ ಸುತ್ತಲಿನ ಹಲಸೂರು, ಶಿವಾಜಿನಗರ, ಆಸ್ಟಿನ್ ಟೌನ್, ಮರ್ಫಿ ಟೌನ್‌ಗಳಲ್ಲಿ ಅದು ಬೇರುಬಿಟ್ಟಿತು. ಬೂಟು ಕೊಳ್ಳಲಾಗದ ಹುಡುಗರು ಬರಿಗಾಲಲ್ಲೇ ಕಲಿತರು. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬಯಿಯ ರೋವರ್ಸ್ ಕಪ್ ಗೆದ್ದಿತು. ಆ ಕಪ್ ಎತ್ತಿದ ಮೊದಲ ಭಾರತೀಯ ತಂಡ ಅದು. ಕಲ್ಕತ್ತದ ದೊಡ್ಡ ಕ್ಲಬ್‌ಗಳಿಗೂ ಅಲ್ಲಿಯವರೆಗೆ ಅದು ದಕ್ಕಿರಲಿಲ್ಲ. ಮರುವರ್ಷ ಫೈನಲ್‌ನಲ್ಲಿ ಎದುರು ನಿಂತದ್ದು ಆರ್ಗೈಲ್ ಅಂಡ್ ಸದರ್‌ಲ್ಯಾಂಡ್ ಹೈಲ್ಯಾಂಡರ್ಸ್. ಸ್ಕಾಟಿಷರ ಆ ಪಲ್ಟನ್ ಕೂಡ ಸೋತಿತು.

ಮುಂದಿನ ಒಂದೂವರೆ ದಶಕವೇ ಬೆಂಗಳೂರು ಫುಟ್‌ಬಾಲಿನ ಸುಗ್ಗಿ. 1946–47ರಲ್ಲಿ ಮೈಸೂರು ತಂಡ ಪ್ರಾಂತ್ಯಗಳ ನಡುವಿನ ಸಂತೋಷ್ ಟ್ರೋಫಿ ಗೆದ್ದಿತು. 1948ರ ಜುಲೈ 31ರಂದು ಸ್ವತಂತ್ರ ಭಾರತ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಇಳಿದಾಗ ಹೆಚ್ಚಿನವರದು ಬರಿಗಾಲು. ಎರಡು ಪೆನಾಲ್ಟಿಗಳು ವ್ಯರ್ಥವಾದವು. 70ನೇ ನಿಮಿಷದಲ್ಲಿ ಬೆಂಗಳೂರಿನ ಸಾರಂಗಪಾಣಿ ರಾಮನ್ ಗೋಲು ಹೊಡೆದು ಸಮ ಮಾಡಿದರು. ಆಟ ಮುಗಿಯಲು ನಿಮಿಷವಷ್ಟೇ ಉಳಿದಿದ್ದಾಗ ಫ್ರಾನ್ಸ್ ಇನ್ನೊಂದು ಹೊಡೆದು 2–1ರಿಂದ ಗೆದ್ದಿತು. ಒಲಿಂಪಿಕ್ಸ್‌ನಲ್ಲಿ ಭಾರತದ ಮೊದಲ ಫುಟ್‌ಬಾಲ್ ಗೋಲು ಹೊಡೆದ ರಾಮನ್ ಹೆಸರು ಇಂದು ಎಷ್ಟು ಬೆಂಗಳೂರಿಗರಿಗೆ ಗೊತ್ತು?

ಆ ತಂಡದಲ್ಲಿದ್ದ ನಮ್ಮೂರಿನ ಅಹ್ಮದ್ ಖಾನ್ ಮತ್ತು ಧನರಾಜ್ ಕಲ್ಕತ್ತದ ಈಸ್ಟ್ ಬೆಂಗಾಲ್ ಸೇರಿ, ‘ಪಂಚಪಾಂಡವ’ರೆಂದು ಹೆಸರಾದ ಅದರ ಐವರು ಮುಂಚೂಣಿ ಆಟಗಾರರಲ್ಲಿ ಇಬ್ಬರಾದರು. 1952ರ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯಾ ಎದುರು ಭಾರತ 10–1ರಿಂದ ಸೋತಾಗ ಆ ಒಂದು ಗೋಲು ಅಹ್ಮದ್ ಖಾನರದ್ದು. ಬರಿಗಾಲಿನ ಆಟ ಅಲ್ಲಿಗೆ ಮುಗಿಯಿತು.

ಆಮೇಲೆ ಐಟಿಐ, ಎಚ್‌ಎಎಲ್‌ನಂಥ ಕಾರ್ಖಾನೆ ತಂಡಗಳು ಆಟಗಾರರಿಗೆ ನೌಕರಿ ಕೊಟ್ಟು ಆಟವನ್ನು ಉಳಿಸಿದವು. 1968–69ರಲ್ಲಿ ಮೈಸೂರು ನಾಲ್ಕನೇ ಸಲ ಸಂತೋಷ್ ಟ್ರೋಫಿ ಗೆದ್ದ ಮೇಲೆ ದೀರ್ಘ ಬರಗಾಲ.

2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ ಮೊದಲ ಹಂಗಾಮಿನಲ್ಲೇ ಐ–ಲೀಗ್ ಗೆದ್ದಿತು. 2016ರಲ್ಲಿ ಎಎಫ್‌ಸಿ ಕಪ್ ಫೈನಲ್ ತಲುಪಿತು. 2022ರಲ್ಲಿ ಡುರಾಂಡ್ ಕಪ್ಪನ್ನೂ ಎತ್ತಿತು. ಕಂಠೀರವ ಕ್ರೀಡಾಂಗಣದ ವೆಸ್ಟ್ ಬ್ಲಾಕ್‌ನಲ್ಲಿ ನಿಂತು ಕೂಗುವ ಐಟಿ ಹುಡುಗರಲ್ಲಿ ಬನಶಂಕರಿ, ಬಿಟಿಎಂ ಕಡೆಯವರೂ ಉಂಟು. ಹಾಗಿದ್ದರೂ ಕ್ಲಬ್ಬಿನ ಬೆಳಕು ಜಿಲ್ಲಾ ಲೀಗಿನ ಮೇಲೆ ಬಿದ್ದದ್ದು ಕಡಿಮೆಯೇ. 2023ರ ಮಾರ್ಚ್‌ನಲ್ಲಿ ಕರ್ನಾಟಕ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಮಣಿಸಿ 54 ವರ್ಷಗಳ ನಂತರ ಸಂತೋಷ್ ಟ್ರೋಫಿ ತಂದಾಗಲೂ ಊರು ಬೀದಿಗಿಳಿಯಲಿಲ್ಲ.

ದಕ್ಷಿಣ ಬೆಂಗಳೂರಿನ ಮಾತೇ ಬೇರೆ. ಲಂಡನ್ ಒಲಿಂಪಿಕ್ಸ್ ನಡೆದ 1948ರಲ್ಲೇ ಅಡಿಗಲ್ಲು ಕಂಡ ಜಯನಗರ ಬೆಳೆದದ್ದು ಕ್ರಿಕೆಟ್ ಮೋಹದಲ್ಲಿ. ಐದನೇ ಬ್ಲಾಕಿನ ಶಾಲಿನಿ ಮೈದಾನದಲ್ಲೂ ಬ್ಯಾಟು ಹಿಡಿದವರದೇ ದರ್ಬಾರು. ಫುಟ್‌ಬಾಲ್ ಮಾತ್ರ ದಂಡಿನ ಗಡಿ ದಾಟಲು ಹಿಂಜರಿಯಿತು. ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂ ಜಯನಗರದಿಂದ ಹೆಚ್ಚು ದೂರವೇನಿಲ್ಲ. ಜಿಲ್ಲಾ ಲೀಗಿನ ಪಂದ್ಯವಿರುವ ಒಂದು ಮಧ್ಯಾಹ್ನ ಮಕ್ಕಳನ್ನು ಕರೆದುಕೊಂಡು ಹೋಗಿ ನೋಡಿ.